ರೊಕ್ಕ, ಉದ್ರಿ, ಬಯಾನಾ, ಬೇಬಾಕಿ: ಕಲಬುರಗಿ ಕಡೆಯ ನಗದಿನ ಮಾತುಗಳಿಗೆ ಅರ್ಥ ಬರೆಯೋಣ ಬನ್ನಿ

ಕೌಂಟರ್ ನಂಬರ್ ಎರಡು:

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ಬ್ಯಾಂಕಿನಲ್ಲಿ ನಗದು ಕೌಂಟರ್ ನೋಡಿಕೊಳ್ಳುತ್ತೇನೆ. ನಮ್ಮ ಶಾಖೆಗೆ ತುಮಕೂರು, ಮಂಡ್ಯ, ಉಡುಪಿ ಕಡೆಯಿಂದ ವರ್ಗವಾಗಿ ಬರುವವರು ಜಾಸ್ತಿ. ಅವರದೂ ಕನ್ನಡವೇ, ನಮ್ಮದೂ ಕನ್ನಡವೇ. ಆದರೂ ಕಿಟಕಿ ಮುಂದೆ ನಿಂತ ಅಜ್ಜ "ರೊಕ್ಕ ತುಂಬೋದದ, ಪಾವತಿ ಕೊಡ್ರಿ" ಅಂದರೆ ಹೊಸಬರಿಗೆ ತಲೆಬುಡ ತಿಳಿಯುವುದಿಲ್ಲ. ಅವರ ಕಡೆ ಪಾವತಿ ಅಂದರೆ ಹಣ ಸಂದಾಯ ಮಾಡುವುದು. ನಮ್ಮ ಕಡೆ ಪಾವತಿ ಅಂದರೆ ರಸೀದಿ. ಮರಾಠಿಯವರೂ ಹಾಗೇ ಅನ್ನುತ್ತಾರೆ. ರೊಕ್ಕ ತುಂಬೋದು ಅಂದರೆ ಖಾತೆಗೆ ಜಮಾ ಮಾಡುವುದು. ಕರೆಂಟ್ ಬಿಲ್ಲನ್ನೂ ನಾವು ತುಂಬುತ್ತೇವೆ, ಅವರು ಕಟ್ಟುತ್ತಾರೆ.

ಮೊನ್ನೆ ಇಂಥದ್ದೇ ಮಾತಿಗೆ ಒಬ್ಬ ಅಜ್ಜ ಬೇಸರಪಟ್ಟುಕೊಂಡು ಸ್ಲಿಪ್ಪು ಹರಿದು ಹೊರಗೆ ಹೋದರು. ಬಿಸಿಲಲ್ಲಿ ಹಳ್ಳಿಯಿಂದ ಬಸ್ ಹತ್ತಿ ಬಂದವರು. ನನಗೆ ಬಹಳ ಕೆಟ್ಟದೆನಿಸಿತು.

ಹಾಗಾಗಿ ಈ ಚರ್ಚೆ. ನಿಘಂಟಿನ ಅರ್ಥ ಎಲ್ಲಿಯಾದರೂ ಸಿಗುತ್ತದೆ. ನನಗೆ ಬೇಕಾದದ್ದು ಮಾತಿನ ಒಳಗಿರುವ ಕರಾರು. ಆ ಮಾತು ಆಡಿದ ಮೇಲೆ ರೊಕ್ಕ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ? ಯಾವಾಗ ಹೋಗುತ್ತದೆ? ವಾಪಸ್ ಬರುತ್ತದಾ, ಇಲ್ಲವಾ? ಬೀದರ್, ಯಾದಗಿರಿಯವರೂ ಬರೆಯಿರಿ. ಚೆನ್ನಾಗಿರುವುದನ್ನೆಲ್ಲ ಸೇರಿಸಿ, ಹೊಸ ಸಿಬ್ಬಂದಿಗೆ ಕೊಡಲು ಒಂದು ಹಾಳೆ ಮಾಡುತ್ತೇನೆ.

ಮೈಸೂರಿನಿಂದ ಬಂದವ:

ಮೇಡಂ, ನನಗೋಸ್ಕರವೇ ಶುರು ಮಾಡಿದ ಹಾಗಿದೆ. ನಾನು ಇಲ್ಲಿ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು. ಬಂದ ಹೊಸದರಲ್ಲಿ ಮನೆ ಮಾಲೀಕರು "ಹಫ್ತಾ ಎಷ್ಟು ಕಟ್ತೀರಿ?" ಅಂತ ಕೇಳಿದರು. ನಮ್ಮ ಕಡೆ ಹಫ್ತಾ ಅಂದರೆ ರೌಡಿಗಳು ವಸೂಲಿ ಮಾಡುವುದು. ಅವರು ಕೇಳಿದ್ದು ನನ್ನ ಬೈಕ್ ಸಾಲದ ಕಂತು.

ಇನ್ನೊಂದು ಅನುಮಾನ. ನಾವು "ದುಡ್ಡು ಇದೆ" ಅನ್ನುತ್ತೇವೆ. ನಿಮ್ಮಲ್ಲಿ "ರೊಕ್ಕ ಅವ", "ರೊಕ್ಕ ಬಿದ್ದಾವ". ರೊಕ್ಕಕ್ಕೆ ಬಹುವಚನ ಯಾಕೆ? ಮತ್ತೆ ಪಗಾರ, ರಕಮು, ಪೈಸಾ ಎಲ್ಲಾ ಒಂದೇನಾ?

ನಿವೃತ್ತ ಮಾಸ್ತರ:

ತಮ್ಮಾ, ರೊಕ್ಕವನ್ನು ನಮ್ಮವರು ಎಣಿಸಿ ಕೊಡುತ್ತಿದ್ದರು. ನಾಣ್ಯಗಳು, ಒಂದೊಂದಾಗಿ. ಎಣಿಸುವ ವಸ್ತು ಬಹಳ ಇದ್ದರೆ "ಅವ" ಅನ್ನುವುದೇ ಸರಿ ಅಲ್ವಾ? ನನಗೆ ತೋಚುವ ಕಾರಣ ಇದು. ರೊಕ್ಕಕ್ಕೆ ಮರಾಠಿಯ ರೋಖ, ರೋಕಡ್ ಜೊತೆ ನಂಟಿದೆ. ಅಲ್ಲಿಯೂ ಅರ್ಥ ಕೈಯಲ್ಲಿರುವ ಹಣ, ಅಲ್ಲೇ ಎಣಿಸಿ ಕೊಡುವ ಹಣ. ನಗದು ಅನ್ನುವುದು ಅರಬ್ಬಿಯ ನಖ್ದ್‌ನಿಂದ ಬಂದದ್ದು. ಪಗಾರ ಪೋರ್ಚುಗೀಸರ ಮಾತು, ಮರಾಠಿ ದಾಟಿ ನಮ್ಮಲ್ಲಿಗೆ ಬಂದಿದೆ. ಅಂದರೆ ಸಂಬಳ. ರಕಮು ಅಂದರೆ ಮೊತ್ತ. "ರಕಮು ದೊಡ್ಡದದ" ಅನ್ನಬಹುದು. ಆದರೆ "ಕಿಸೆಯಾಗ ರಕಮು ಅದ" ಅಂತ ಯಾರೂ ಅನ್ನುವುದಿಲ್ಲ.

ನಮ್ಮ ಮೂರು ಜಿಲ್ಲೆಗಳಲ್ಲಿ ರೊಕ್ಕದ ಮಾತು ಇಷ್ಟು ಬಗೆಯಾಗಿರಲು ಒಂದು ದೊಡ್ಡ ಕಾರಣ ಇದೆ. ನಾವು ಹೈದರಾಬಾದ್ ರಾಜ್ಯದಲ್ಲಿ ಇದ್ದವರು. ಆ ರಾಜ್ಯಕ್ಕೆ ಅದರದೇ ರೂಪಾಯಿ ಇತ್ತು. ಅದಕ್ಕೆ ಉಸ್ಮಾನಿಯಾ ಸಿಕ್ಕಾ, ಹಾಲಿ ಸಿಕ್ಕಾ ಅನ್ನುತ್ತಿದ್ದರು. ಸಿಕ್ಕಾ ಅಂದರೆ ನಾಣ್ಯ. ಹಾಲಿ ಅಂದರೆ ಈಗ ನಡೆಯುತ್ತಿರುವುದು. "ಹಾಲಿ ಶಾಸಕರು" ಅನ್ನುತ್ತೀರಲ್ಲ, ಅದೇ ಹಾಲಿ. ಬ್ರಿಟಿಷ್ ಸರ್ಕಾರದ ರೂಪಾಯಿಗೆ ಕಲ್ದಾರ್ ಅನ್ನುತ್ತಿದ್ದರು. ಕಲ್ ಅಂದರೆ ಯಂತ್ರ. ಯಂತ್ರದಲ್ಲಿ ಅಚ್ಚು ಹಾಕಿದ ರೂಪಾಯಿ ಅಂತ ಅರ್ಥ.

ಎರಡರ ಬೆಲೆ ಒಂದೇ ಇರಲಿಲ್ಲ. 7 ಹಾಲಿ ರೂಪಾಯಿಗೆ 6 ಕಲ್ದಾರ್. 700 ರೂಪಾಯಿ ಸಾಲ ಅಂತ ಪತ್ರ ಬರೆದರೆ ಮೊದಲು ಬಗೆಹರಿಯಬೇಕಾದದ್ದು "ಯಾವ ರೂಪಾಯಿ?" ಅನ್ನುವುದು. ಹಾಲಿ ಅಂತ ಕೊಟ್ಟು ಕಲ್ದಾರ್ ಅಂತ ವಸೂಲು ಮಾಡಿದರೆ ಪಡೆದದ್ದಕ್ಕಿಂತ ಆರರಲ್ಲಿ ಒಂದು ಪಾಲಿನಷ್ಟು ಜಾಸ್ತಿ ಕಟ್ಟಿದಂತೆ. ಓದು ಬರಹ ಬಾರದವನಿಗೆ ಅದು ಸಣ್ಣ ಪೆಟ್ಟಲ್ಲ.

1918ರಿಂದ ಆ ರಾಜ್ಯ ಕಾಗದದ ನೋಟನ್ನೂ ತಂದಿತು. ಆ ನೋಟುಗಳ ಮೇಲೆ ಉರ್ದು, ತೆಲುಗು, ಮರಾಠಿ ಜೊತೆ ಕನ್ನಡವೂ ಇತ್ತು. 1948ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಭಾರತಕ್ಕೆ ಸೇರಿತು. ರೂಪಾಯಿ ಮಾತ್ರ ಒಂದೇ ಸಲಕ್ಕೆ ಹೋಗಲಿಲ್ಲ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದ ಮೇಲೂ ಹಾಲಿ ರೂಪಾಯಿ ಬದುಕಿತ್ತು. ಪೂರ್ತಿ ನಿಂತದ್ದು 1959ರಲ್ಲಿ. ನಡುವೆ 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು. 16 ಆಣೆಯ ರೂಪಾಯಿ 100 ಪೈಸೆಯ ರೂಪಾಯಿ ಆಯಿತು. ಆ ವರ್ಷಗಳಲ್ಲಿ ನಮ್ಮ ಹಿರಿಯರು ಸಂತೆಯಲ್ಲಿ ಒಂದೇ ದಿನ ಹಾಲಿ, ಭಾರತದ ರೂಪಾಯಿ, ಆಣೆ, ನಯಾ ಪೈಸೆ ನಾಲ್ಕನ್ನೂ ಲೆಕ್ಕ ಹಾಕುತ್ತಿದ್ದರು. ಅವರನ್ನು ಅನಕ್ಷರಸ್ಥರು ಅಂತ ಯಾರಾದರೂ ಹಗುರಾಗಿ ಅಂದರೆ ನಾನು ಒಪ್ಪುವುದಿಲ್ಲ.

ಬೀದರ್ ಕೋಟೆ:

ಮಾಸ್ತರೇ, ಆಣೆ ಇನ್ನೂ ಹೋಗಿಲ್ಲ ನೋಡಿ. ನಮ್ಮಲ್ಲಿ "ಹದಿನಾರಾಣೆ ಖರೆ" ಅಂದರೆ ಪೂರ್ತಿ ನಿಜ. ಬೆಳೆ ಬಗ್ಗೆ ಕೇಳಿದರೆ "ಈ ಸಲ ಎಂಟಾಣೆ" ಅನ್ನುತ್ತಾರೆ. ಅಂದರೆ ಅರ್ಧ ಬೆಳೆ. ಕಂದಾಯ ಇಲಾಖೆಯವರು ಬೆಳೆ ಅಂದಾಜು ಮಾಡುವುದಕ್ಕೂ ಆಣೆವಾರಿ ಅಂತಲೇ ಹೆಸರಿತ್ತು. ಪಾವಲಿ ಅಂದರೆ ನಾಲ್ಕಾಣೆ. 25 ಪೈಸೆ ನಾಣ್ಯ 2011ರ ಜೂನ್ 30ಕ್ಕೇ ಚಲಾವಣೆಯಿಂದ ಹೋಯಿತು. ಪಾವಲಿ ಅನ್ನುವ ಮಾತು ನಮ್ಮ ಅವ್ವನ ಬಾಯಲ್ಲಿ ಇನ್ನೂ ಇದೆ.

ಚಿತ್ತಾಪುರ ಕಿರಾಣಿ:

ಅಕ್ಕಾವ್ರೆ, ಅಂಗಡಿಯ ಮಾತು ನಾನು ಬರೆಯುತ್ತೇನೆ.

ಬೋಣಿಗಿ. ದಿನದ ಮೊದಲ ವ್ಯಾಪಾರ. ಬೋಣಿಗಿ ಯಾವತ್ತೂ ನಗದೇ ಆಗಬೇಕು. ಎಷ್ಟೇ ಬೇಕಾದವರು ಬಂದರೂ ಬೋಣಿಗಿ ಉದ್ರಿ ಕೊಡುವುದಿಲ್ಲ. ಇದು ಗಿರಾಕಿಗಳಿಗೂ ಗೊತ್ತು. ಉದ್ರಿ ತಗೊಳ್ಳುವವರು ಸ್ವಲ್ಪ ಹೊತ್ತು ತಡೆದು ಬರುತ್ತಾರೆ.

ಉದ್ರಿ ಅಂದರೆ ಮಾಲು ಈಗ, ರೊಕ್ಕ ಆಮೇಲೆ. ಇದನ್ನು ಸಾಲ ಅಂದರೆ ಜನ ಒಪ್ಪುವುದಿಲ್ಲ. ಸಾಲಕ್ಕೆ ಬಡ್ಡಿ ಉಂಟು, ಉದ್ರಿಗೆ ಇಲ್ಲ. ಸಾಲಕ್ಕೆ ಕಾಗದ ಬೇಕು, ಉದ್ರಿಗೆ ನನ್ನ ವಹಿ, ಅಂದರೆ ಲೆಕ್ಕದ ಪುಸ್ತಕ, ಸಾಕು. ಕೈಗಡ ಮತ್ತೆ ಬೇರೆ. ಅದರಲ್ಲಿ ಮಾಲು ಇಲ್ಲ, ರೊಕ್ಕವೇ ಕೊಡುವುದು. ನಾಲ್ಕು ದಿನದ ಮಟ್ಟಿಗೆ, ಬಡ್ಡಿ ಇಲ್ಲದೆ, ಗುರುತಿನವರಿಗೆ. ಕೈಗಡ ತಗೊಂಡವರು ತಿಂಗಳುಗಟ್ಟಲೆ ಎಳೆದರೆ ರೊಕ್ಕಕ್ಕಿಂತ ಮೊದಲು ಮಾತು ನಿಲ್ಲುತ್ತದೆ.

"ಇಂದು ನಗದು, ನಾಳೆ ಉದ್ರಿ" ಅನ್ನುವ ಬೋರ್ಡು ಎಲ್ಲಾ ಕಡೆ ಇದೆ. ನನ್ನ ಅಂಗಡಿಯಲ್ಲಿ ಹಾಕಿಲ್ಲ. ತೊಗರಿ ರಾಶಿ (ಒಕ್ಕಣೆ) ಆಗುವ ತನಕ ಕೂಲಿಯವರ ಮನೆಯಲ್ಲಿ ನಗದು ಎಲ್ಲಿಂದ ಬರಬೇಕು? ಉದ್ರಿ ಕೊಡದಿದ್ದರೆ ಊರು ನಡೆಯುವುದಿಲ್ಲ. ಇದು ನನ್ನ ಖಚಿತ ಅಭಿಪ್ರಾಯ.

ಚಿಲ್ಲರೆ ವಿಷಯ. ಬಂದಾ ನೋಟು ಅಂದರೆ ಇಡೀ ನೋಟು, ಮುರಿಸದೆ ಇದ್ದದ್ದು. "500 ಮುರಿಸ್ಕೊಂಡು ಬಾ" ಅಂದರೆ ಚಿಲ್ಲರೆ ಮಾಡಿಸಿಕೊಂಡು ಬಾ ಅಂತ. ಮುಸ್ಲಿಂ ಗಿರಾಕಿಗಳು ಛುಟ್ಟಾ ಅನ್ನುತ್ತಾರೆ, ಈಗ ಎಲ್ಲರ ಬಾಯಲ್ಲೂ ಅದೇ. ಆದರೆ ಮುರಿಯುವುದಕ್ಕೆ ಇನ್ನೊಂದು ಅರ್ಥ ಇದೆ, ಹೊಸಬರು ಗಮನಿಸಬೇಕು. "ಉದ್ರಿ ಮುರ್ಕೊಂಡು ಉಳಿದಿದ್ದು ಕೊಡ್ರಿ" ಅಂದರೆ ನನ್ನ ಬಾಕಿ ಕಳೆದು ಮಿಕ್ಕಿದ್ದು ಕೊಡಿ ಅಂತ. ಮುರಿಸುವುದರಲ್ಲಿ ರೊಕ್ಕ ಕಡಿಮೆ ಆಗುವುದಿಲ್ಲ. ಮುರಕೊಳ್ಳುವುದರಲ್ಲಿ ಆಗುತ್ತದೆ.

ಸುರಪುರ ಹುಡುಗ:

ಅಣ್ಣಾ, 10 ರೂಪಾಯಿ ನಾಣ್ಯ ತಗೊಳ್ತೀರಾ? ನಮ್ಮ ಕಡೆ ಆಟೋದವರು, ಹೋಟೆಲಿನವರು "ನಡೆಯಲ್ಲ" ಅಂತ ಮುಖಕ್ಕೆ ಹೇಳ್ತಾರೆ. ನಡೆಯಲ್ಲ ಅಂದ್ರೆ ಏನರ್ಥ? ಸರ್ಕಾರ ನಿಲ್ಲಿಸಿದೆಯಾ?

ಕೌಂಟರ್ ನಂಬರ್ ಎರಡು:

ಇದಕ್ಕೆ ನಾನು ಉತ್ತರ ಕೊಡಲೇಬೇಕು. 10 ರೂಪಾಯಿ ನಾಣ್ಯವನ್ನು ಯಾರೂ ನಿಲ್ಲಿಸಿಲ್ಲ. ಬೇರೆ ಬೇರೆ ವರ್ಷ ಬೇರೆ ಬೇರೆ ವಿನ್ಯಾಸದಲ್ಲಿ ಬಂದಿವೆ, ಅದಕ್ಕೇ ಜನರಿಗೆ ಅನುಮಾನ. 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ರೂಪಾಯಿ ಚಿಹ್ನೆ ಇದ್ದದ್ದೂ ನಡೆಯುತ್ತದೆ, ಇಲ್ಲದ್ದೂ ನಡೆಯುತ್ತದೆ.

"ನಡೆಯಲ್ಲ" ಅನ್ನುವುದರಲ್ಲಿ ಎರಡು ಅರ್ಥ ಸೇರಿಕೊಂಡಿವೆ. ಕಾನೂನಿನಲ್ಲಿ ನಡೆಯದ್ದು ಒಂದು. 2016ರ ನವೆಂಬರ್ 8ರ ರಾತ್ರಿ ಹಳೆಯ 500, 1000ದ ನೋಟಿಗೆ ಆದದ್ದು ಅದು. ಇನ್ನೊಂದು, ಸುಮ್ನೆ ಊರಿನವರು ಒಪ್ಪದ್ದು. 10ರ ನಾಣ್ಯ ಎರಡನೆಯದು. ಅದು ನಡೆಯದಿರುವುದು ನಾವು ನಡೆಸದೇ ಇರುವುದರಿಂದ. ಹಾಲು ಮಾರುವ ಹೆಣ್ಣುಮಗಳು ನೂರು ರೂಪಾಯಿಯಷ್ಟು 10ರ ನಾಣ್ಯಗಳನ್ನು ಹಿಡಿದು ಅಂಗಡಿ ಅಂಗಡಿ ತಿರುಗಿದ್ದನ್ನು ನೋಡಿದ್ದೇನೆ, ಸಂಕಟ ಆಗುತ್ತದೆ. ಬ್ಯಾಂಕ್ ಶಾಖೆಯಲ್ಲಿ ಕೊಟ್ಟು ಖಾತೆಗೆ ತುಂಬಿ, ತಗೊಳ್ಳುತ್ತೇವೆ. ಅಂಗಡಿಯವರಿಗೂ ಒಂದು ನಿಯಮ ಗೊತ್ತಿರಲಿ. ಒಂದು ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳಲ್ಲಿ ಒಂದು ಸಲಕ್ಕೆ 1,000 ರೂಪಾಯಿ ತನಕ ಕಾನೂನುಬದ್ಧವಾಗಿ ಕೊಡಬಹುದು.

ಚಿತ್ತಾಪುರ ಕಿರಾಣಿ:

ನಾನು ತಗೊಳ್ಳುತ್ತೇನೆ ತಮ್ಮಾ. ಆದರೆ ವಾಪಸ್ ಕೊಡಲು ಹೋದರೆ ಗಿರಾಕಿ ತಗೊಳ್ಳುವುದಿಲ್ಲ. ಅಕ್ಕಾವ್ರು ಬರೆದಿದ್ದನ್ನು ಮೊಬೈಲಿನಲ್ಲಿ ಇಟ್ಟುಕೊಂಡು ತೋರಿಸುತ್ತೇನೆ.

ಗಂಜ್ ಗುಮಾಸ್ತ:

ತಡವಾಗಿ ಬಂದೆ. ಕಲಬುರಗಿ ಗಂಜ್‌ನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಅಡತ್ ಅಂಗಡಿಯ ಲೆಕ್ಕ ಬರೆಯುವವನು ನಾನು. ಅಡತ್ ಅಂಗಡಿ ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಅಂಗಡಿ. ತೊಗರಿ ಸೀಸನ್, ಬಿಡುವಿರಲಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಮಾತುಗಳು ಇಲ್ಲಿವೆ. ಯಾಕೆಂದರೆ ಇಲ್ಲಿ ಅರ್ಥ ತಪ್ಪಿದರೆ ಒಂದು ವರ್ಷದ ದುಡಿಮೆ ಕಡಿಮೆಯಾಗುತ್ತದೆ.

ಮೊದಲು ವಹಿಯ ಮಾತು. ಕಿರ್ದಿ ಅಂದರೆ ದಿನದ ನಗದು ಬರೆಯುವ ಪುಸ್ತಕ. ಒಂದು ಕಡೆ ಜಮಾ, ಬಂದದ್ದು. ಇನ್ನೊಂದು ಕಡೆ ಖರ್ಚು, ಹೋದದ್ದು. ಖತಾವಣಿ ಅಂದರೆ ಒಬ್ಬೊಬ್ಬರ ಹೆಸರಿನಲ್ಲಿ ಬರೆದ ಲೆಕ್ಕ. ಬೆಳಿಗ್ಗೆ ಪೆಟ್ಟಿಗೆಯಲ್ಲಿದ್ದದ್ದು ಆರಂಭ ಶಿಲ್ಕು, ಸಂಜೆ ಉಳಿದದ್ದು ಅಖೈರು ಶಿಲ್ಕು. ಶಿಲ್ಕು ಮತ್ತು ಬಾಕಿ ಒಂದೇ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಶಿಲ್ಕು ಅಂದರೆ ಕೈಯಲ್ಲಿ ಇರುವುದು. ಬಾಕಿ ಅಂದರೆ ಇನ್ನೂ ಕೈಗೆ ಬರಬೇಕಾದದ್ದು ಅಥವಾ ಕೊಡಬೇಕಾದದ್ದು. ಶಿಲ್ಕನ್ನು ಎಣಿಸಬಹುದು, ಬಾಕಿಯನ್ನು ಓದಬಹುದು ಅಷ್ಟೇ.

ಈಗ ರೈತರಿಗೆ ಸಂಬಂಧಪಟ್ಟದ್ದು. ಮಾಲು ಮಾರಿದ ಮೇಲೆ ಕೊಡುವ ಲೆಕ್ಕದ ಚೀಟಿಗೆ ಪಟ್ಟಿ ಅನ್ನುತ್ತಾರೆ. ತೂಕ, ದರ, ಹಮಾಲಿ, ಕಡಿತ ಎಲ್ಲಾ ಅದರಲ್ಲಿ ಇರಬೇಕು. "ಪಟ್ಟಿ ಆಯ್ತಾ?" ಅಂದರೆ ಲೆಕ್ಕ ಮುಗಿಯಿತಾ ಅಂತ ಕೇಳಿದ ಹಾಗೆ. ಪಟ್ಟಿ ಆದರೂ ರೊಕ್ಕ ಮುಟ್ಟಿರಬೇಕು ಅಂತೇನಿಲ್ಲ. ಮುಟ್ಟುವುದು ಅಂದರೆ ಕೈಗೆ ಬಂದು ಸೇರುವುದು. "ಪಟ್ಟಿ ಆಗ್ಯಾದ, ರೊಕ್ಕ ಮುಟ್ಟಿಲ್ಲ" ಅನ್ನುವುದು ಸೀಸನ್‌ನಲ್ಲಿ ದಿನಾ ಕೇಳುವ ಮಾತು.

ಉಚಲ್ ಅಂದರೆ ಮುಂಚೆಯೇ ಎತ್ತಿದ ರೊಕ್ಕ. ಬಿತ್ತನೆ ಹೊತ್ತಿಗೆ ಬೀಜ, ಗೊಬ್ಬರಕ್ಕೆ ಅಂತ ರೈತ ಅಡತ್ ಅಂಗಡಿಯಿಂದ ಉಚಲ್ ತಗೊಳ್ಳುತ್ತಾನೆ. ಆಗ ಬಾಯಿಮಾತಿನ ಕರಾರು ಒಂದು ಇರುತ್ತದೆ. ಮಾಲು ಇದೇ ಅಂಗಡಿಗೆ ತರಬೇಕು. ಅಂದರೆ ಉಚಲ್ ತಗೊಂಡ ದಿನವೇ, ಎಲ್ಲಿ ಮಾರಬೇಕು ಅನ್ನುವ ಆಯ್ಕೆಯನ್ನೂ ಕೊಟ್ಟಂತೆ. ಮುಂಗಡ ಅನ್ನುವ ಪದದಲ್ಲಿ ಈ ಕಟ್ಟು ಕಾಣುವುದಿಲ್ಲ. ಉಚಲ್ ಅನ್ನುವುದರಲ್ಲಿ ಇದೆ.

ಕೊನೆಗೆ ನಗದು ಕಡಿತ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಪಟ್ಟಿ ಒಂದು ಲಕ್ಷಕ್ಕೆ ಆಗಿದೆ ಅಂದುಕೊಳ್ಳಿ. ಕೆಲವು ಕಡೆ ಹೀಗೆ ಕೇಳುತ್ತಾರೆ: "ಹದಿನೈದು ದಿನ ಬಿಟ್ಟು ಬಂದರೆ ಪೂರ್ತಿ, ಇವತ್ತೇ ನಗದು ಬೇಕಂದ್ರೆ ನೂರಕ್ಕೆ ಎರಡು ಕಡಿಮೆ." ನೂರಕ್ಕೆ ಎರಡು ಅಂದರೆ ಸಣ್ಣದು ಅನಿಸುತ್ತದೆ. ರೈತ 98,000 ತಗೊಂಡು ಹೋಗುತ್ತಾನೆ. ಲೆಕ್ಕ ಹಾಕಿ ನೋಡಿ. ತನ್ನದೇ ರೊಕ್ಕವನ್ನು ಹದಿನೈದು ದಿನ ಮೊದಲು ತಗೊಂಡದ್ದಕ್ಕೆ 2,000 ಕೊಟ್ಟ. ವರ್ಷಕ್ಕೆ ಹಿಡಿದರೆ ಹೆಚ್ಚುಕಡಿಮೆ ನೂರಕ್ಕೆ 49 ಬಡ್ಡಿ ಆಯಿತು. ಮಾರಿದ ಮಾಲಿನ ರೊಕ್ಕಕ್ಕೆ ರೈತನೇ ಬಡ್ಡಿ ಕೊಡುವುದು ಯಾವ ನ್ಯಾಯ? ನಮ್ಮ ರಾಜ್ಯದ ಮಾರುಕಟ್ಟೆ ನಿಯಮದಲ್ಲಿ ಅಡತ್ ಕಮಿಷನ್ ಖರೀದಿದಾರನ ಮೇಲೆ ಬೀಳುತ್ತದೆ, ರೈತನ ಮೇಲಲ್ಲ. ಪಟ್ಟಿಯಲ್ಲಿ ಅಂಥ ಕಡಿತ ಕಂಡರೆ ಅಲ್ಲೇ ಕೇಳಿ. ಉತ್ತರ ಸಿಗದಿದ್ದರೆ ಮಾರುಕಟ್ಟೆ ಸಮಿತಿ ಕಚೇರಿಗೆ ಪಟ್ಟಿ ಸಮೇತ ಹೋಗಿ. ಪಟ್ಟಿ ಇಲ್ಲದೆ ಹೋದರೆ ಯಾರೂ ಏನೂ ಮಾಡಲು ಆಗುವುದಿಲ್ಲ.

ಶಹಾಪುರ ರೈತ:

ಗುಮಾಸ್ತರೇ, ಇಷ್ಟು ಬಿಚ್ಚಿ ಹೇಳಿದವರು ನೀವೇ ಮೊದಲು. ನಾನೊಂದು ಕೇಳುತ್ತೇನೆ. ನಮ್ಮೂರಲ್ಲಿ ಒಬ್ಬರ ಹತ್ತಿರ ಎರಡು ಬಡ್ಡಿಗೆ ಸಾಲ ತಗೊಂಡಿದ್ದೇನೆ. ಬ್ಯಾಂಕಿನವರು 9 ಅಂತಾರೆ, 10 ಅಂತಾರೆ. ಎರಡು ಅಂದರೆ ಕಡಿಮೆಯೇ ಅಲ್ವಾ ಅಂತ ನಮ್ಮವರೆಲ್ಲ ಅನ್ನುತ್ತಾರೆ. ನನ್ನ ಮಗಳು ಪಿಯುಸಿ ಓದುತ್ತಾಳೆ, ಅವಳು ಹಾಗಲ್ಲಪ್ಪಾ ಅಂತಾಳೆ. ಯಾರದು ಸರಿ?

ಕೌಂಟರ್ ನಂಬರ್ ಎರಡು:

ಕಾಕಾ, ನಿಮ್ಮ ಮಗಳದ್ದೇ ಸರಿ. ಊರಲ್ಲಿ ಎರಡು ಬಡ್ಡಿ ಅಂದರೆ ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ. ಬ್ಯಾಂಕು 9 ಅಂದರೆ ನೂರಕ್ಕೆ ವರ್ಷಕ್ಕೆ 9. ಒಂದು ಲಕ್ಷಕ್ಕೆ ಎರಡು ಬಡ್ಡಿಯಲ್ಲಿ ತಿಂಗಳಿಗೆ 2,000, ವರ್ಷಕ್ಕೆ 24,000. ಬ್ಯಾಂಕಿನ 9ರಲ್ಲಿ ವರ್ಷಕ್ಕೆ 9,000. ಮೂರು ಬಡ್ಡಿ ಅಂದರೆ ವರ್ಷಕ್ಕೆ 36. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ (ಕೆಸಿಸಿ) 3 ಲಕ್ಷದ ತನಕ ಬೆಳೆಸಾಲಕ್ಕೆ 7, ಸಮಯಕ್ಕೆ ಸರಿಯಾಗಿ ಕಟ್ಟಿದವರಿಗೆ ರಿಯಾಯಿತಿ ಸೇರಿ 4. ನಿಮ್ಮ ಎರಡಕ್ಕೂ ಈ ನಾಲ್ಕಕ್ಕೂ ಆರು ಪಟ್ಟು ಅಂತರ. ಎರಡು ಚಿಕ್ಕದು, ನಾಲ್ಕು ದೊಡ್ಡದು ಅಂತ ಕಿವಿಗೆ ಕೇಳಿಸುತ್ತದೆ. ಮನೆಗಳು ಮುಳುಗುವುದು ಇಲ್ಲೇ.

ಇನ್ನೊಂದು ನೋಡಿಕೊಳ್ಳಿ. ಮೊದಲ ತಿಂಗಳ ಬಡ್ಡಿ ಮುರಕೊಂಡು ಕೊಟ್ಟರಾ? ಲಕ್ಷಕ್ಕೆ 98,000 ಕೈಗೆ ಕೊಟ್ಟು ಪತ್ರದಲ್ಲಿ ಲಕ್ಷ ಅಂತ ಬರೆಸಿಕೊಂಡಿದ್ದರೆ ನೀವು ಪಡೆಯದ ರೊಕ್ಕಕ್ಕೂ ಬಡ್ಡಿ ಕಟ್ಟುತ್ತಿದ್ದೀರಿ. ಕರ್ನಾಟಕದಲ್ಲಿ ಪರವಾನಗಿ ಪಡೆದ ಲೇವಾದೇವಿದಾರರು ಅಡವಿಟ್ಟ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 14, ಅಡವಿಲ್ಲದ ಸಾಲಕ್ಕೆ 16ರ ಮೇಲೆ ಬಡ್ಡಿ ಹಾಕುವ ಹಾಗಿಲ್ಲ. ಸಾಲ ವಸೂಲಿಗೆ ಬೆದರಿಸುವುದು, ಮನೆ ಮುಂದೆ ಗಲಾಟೆ ಮಾಡುವುದರ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಬೇರೆ ಕಾನೂನೇ ತಂದಿದೆ. ನಿಮ್ಮ ಹತ್ತಿರ ಪಹಣಿ ಇದ್ದರೆ ಯಾವುದಾದರೂ ಬ್ಯಾಂಕಿಗೆ ಹೋಗಿ ಕೆಸಿಸಿ ಬಗ್ಗೆ ಕೇಳಿ. ಮಗಳನ್ನೂ ಕರೆದುಕೊಂಡು ಹೋಗಿ.

ಸಾಲ ತೀರಿದ ಮೇಲೆ ಬೇಬಾಕಿ ಪತ್ರ ತಗೊಳ್ಳಿ. ಬೇಬಾಕಿ ಅಂದರೆ ಬಾಕಿ ಇಲ್ಲ. ಚುಕ್ತಾ ಮಾಡಿದೆ, ಅಂದರೆ ಪೂರ್ತಿ ತೀರಿಸಿದೆ, ಅಂತ ಬಾಯಲ್ಲಿ ಅಂದರೆ ಸಾಲದು. ಬ್ಯಾಂಕ್ ಸಾಲವಾದರೆ ಪಹಣಿಯಲ್ಲಿ ಬಿದ್ದ ಬೋಜಾ (ಸಾಲದ ನಮೂದು) ತೆಗೆಸುವ ತನಕ ಕೆಲಸ ಮುಗಿದಿಲ್ಲ ಅಂತಲೇ ತಿಳಿಯಿರಿ.

ಶಹಾಪುರ ರೈತ:

ಮುರಕೊಂಡೇ ಕೊಟ್ಟಿದ್ದಾರೆ ಅಕ್ಕಾವ್ರೆ. ಇವತ್ತು ರಾತ್ರಿ ಮಗಳ ಜೊತೆ ಕೂತು ಲೆಕ್ಕ ಮಾಡುತ್ತೇನೆ.

ಬೀದರ್ ಕೋಟೆ:

ಜಮೀನು, ಮನೆ ವ್ಯವಹಾರದ ಮಾತು ನಾನು ಸೇರಿಸುತ್ತೇನೆ. ಬಯಾನಾ. ಮಹಾರಾಷ್ಟ್ರದ ಗಡಿಯ ಹಳ್ಳಿಗಳಲ್ಲಿ ಇಸಾರ ಅನ್ನುತ್ತಾರೆ, ಪತ್ರದಲ್ಲಿ ಸಂಚಕಾರ ಅಂತ ಬರೆಯುತ್ತಾರೆ. ಮಾತು ಪಕ್ಕಾ ಆಯಿತು ಅನ್ನುವುದಕ್ಕೆ ಕೊಡುವ ರೊಕ್ಕ. ಕೊಳ್ಳುವವನು ಹಿಂದೆ ಸರಿದರೆ ಬಯಾನಾ ಹೋಯಿತು. ಮಾರುವವನು ಮಾತು ತಪ್ಪಿದರೆ ಎರಡು ಪಟ್ಟು ವಾಪಸ್ ಕೊಡಬೇಕು ಅಂತ ಹಿರಿಯರ ರೂಢಿ. ಮುಂಗಡ ಹಾಗಲ್ಲ. ಅದು ಬೆಲೆಯಲ್ಲಿ ಮೊದಲೇ ಕೊಟ್ಟ ಒಂದು ಪಾಲು. ವ್ಯವಹಾರ ಮುರಿದರೆ ಸಾಮಾನ್ಯವಾಗಿ ವಾಪಸ್ ಕೇಳಬಹುದು. ಪತ್ರದಲ್ಲಿ ಯಾವ ಪದ ಇದೆ, ಮುರಿದರೆ ಏನು ಅಂತ ಬರೆದಿದೆಯಾ, ಸಹಿ ಹಾಕುವ ಮೊದಲು ಓದಿಸಿ ಕೇಳಿ. ನಮ್ಮ ಸಂಬಂಧಿಕರಲ್ಲೇ ಈ ಒಂದು ಪದಕ್ಕೆ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದಾರೆ.

ನಗದು ಮಿತಿಯೂ ಗೊತ್ತಿರಲಿ. 2015ರ ಜೂನ್‌ನಿಂದ ಜಮೀನು, ಮನೆಯ ಮುಂಗಡ 20,000 ರೂಪಾಯಿ ಅಥವಾ ಜಾಸ್ತಿ ಇದ್ದರೆ ನಗದಾಗಿ ತಗೊಳ್ಳುವ ಹಾಗಿಲ್ಲ. ಚೆಕ್ಕು ಅಥವಾ ಬ್ಯಾಂಕ್ ಮೂಲಕವೇ ಆಗಬೇಕು. ತಪ್ಪಿದರೆ ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇಬ್ಬರಿಗೂ ಬರೀ ಕೃಷಿ ಆದಾಯ ಇದ್ದರೆ ವಿನಾಯಿತಿ ಇದೆ. ಆದರೂ ಬ್ಯಾಂಕ್ ಮೂಲಕ ಕೊಟ್ಟರೆ ಸಾಕ್ಷಿ ಉಳಿಯುತ್ತದೆ.

ಹಳೆಯ ಪತ್ರಗಳಲ್ಲಿ ಮೊಬಲಗು ಅಂತ ಇರುತ್ತದೆ, ಅದೂ ಮೊತ್ತವೇ. ಅಂಕಿಯಲ್ಲಿ ಬರೆದ ಮೇಲೆ "ಅಕ್ಷರೀ ಐದು ಸಾವಿರ ರೂಪಾಯಿ ಮಾತ್ರ" ಅಂತ ಬರೆಯುತ್ತಾರಲ್ಲ, ಆ ಮಾತ್ರ ಬಹಳ ಕೆಲಸದ್ದು. ಅದರ ಮುಂದೆ ಯಾರೂ ಏನೂ ಸೇರಿಸದ ಹಾಗೆ ಬಾಗಿಲು ಹಾಕುತ್ತದೆ.

ಆಳಂದ ಸ್ವಸಹಾಯ ಸಂಘ:

ನಮ್ಮ ಹೆಣ್ಣುಮಕ್ಕಳ ಮಾತು ಯಾರೂ ಬರೆಯಲಿಲ್ಲ, ಅದಕ್ಕೇ ಬಂದೆ. ಈಗ ಪ್ರತಿ ಓಣಿಯಲ್ಲಿ ಕೇಳುವ ಮಾತು "ಗೃಹಲಕ್ಷ್ಮಿ ರೊಕ್ಕ ಬಿದ್ದಾವೇನ್ರಿ?" ಬಿದ್ದಾವ ಅಂದರೆ ಖಾತೆಗೆ ಬಂದಿವೆ. 2023ರ ಆಗಸ್ಟ್‌ನಲ್ಲಿ ಆ 2,000 ಶುರುವಾಯಿತು. ನಮ್ಮ ಸಂಘದ ಎಷ್ಟೋ ಜನರಿಗೆ ಅವರದೇ ಹೆಸರಿನ ಖಾತೆಗೆ ಪ್ರತಿ ತಿಂಗಳು ರೊಕ್ಕ ಬೀಳುವುದು ಅದೇ ಮೊದಲು. ಹೊಸ ಸಿಬ್ಬಂದಿ ಈ ಮಾತಿಗೆ ಬೇಸರ ಮಾಡಿಕೊಳ್ಳಬಾರದು ಅಂತ ನಿಮ್ಮ ಹಾಳೆಯಲ್ಲಿ ಮೊದಲು ಬರೆಯಿರಿ ಅಕ್ಕಾ.

ಗಿರವಿ ಅಂದರೆ ಬಂಗಾರ ಒತ್ತೆ ಇಟ್ಟು ರೊಕ್ಕ ತರುವುದು. "ಬಿಡಿಸ್ಕೊಂಡು ಬಂದೆ" ಅಂದರೆ ಸಾಲ ತೀರಿಸಿ ಬಂಗಾರ ವಾಪಸ್ ತಂದೆ ಅಂತ.

ಆಯೇರಿ ಬಗ್ಗೆ ಹೇಳಲೇಬೇಕು. ಮದುವೆಯಲ್ಲಿ ಬಟ್ಟೆ, ರೊಕ್ಕ ಕೊಡುವುದು. 101, 501, ಯಾವಾಗಲೂ ಒಂದು ಜಾಸ್ತಿ ಇಟ್ಟು ಕೊಡುತ್ತೇವೆ. ಒಬ್ಬರು ಮೈಕಿನ ಹತ್ತಿರ ಕೂತು ವಹಿಯಲ್ಲಿ ಬರೆಯುತ್ತಾರೆ. ಆ ವಹಿ ಮನೆಯಲ್ಲಿ ಜೋಪಾನ. ನಾಳೆ ಅವರ ಮನೆ ಮದುವೆಗೆ ಹೋಗುವ ಮೊದಲು ತೆಗೆದು ನೋಡುತ್ತೇವೆ. ಅವರು ಕೊಟ್ಟಷ್ಟಾದರೂ ಕೊಡಬೇಕು. ನನ್ನ ಪ್ರಕಾರ ಇದು ಬಡ್ಡಿ ಇಲ್ಲದ ಸಾಲವೇ. ಬಡವರ ಮನೆ ಮದುವೆ ಇದರಿಂದಲೇ ಎದ್ದು ನಿಲ್ಲುತ್ತದೆ.

ಮೈಸೂರಿನಿಂದ ಬಂದವ:

ನಮ್ಮ ಕಡೆ ಮುಯ್ಯಿ ಅನ್ನುತ್ತೇವೆ, ಪದ್ಧತಿ ಅದೇ. ಆದರೆ ಅಕ್ಕಾ, ಸಾಲ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಪ್ರೀತಿಯಿಂದ ಕೊಟ್ಟದ್ದಲ್ವಾ?

ಆಳಂದ ಸ್ವಸಹಾಯ ಸಂಘ:

ಪ್ರೀತಿಯೂ ಹೌದು ಸರ್. ಆದರೆ ಕೊಡಲಾಗದೆ ಮದುವೆಗೇ ಹೋಗದೆ ಮನೆಯಲ್ಲಿ ಉಳಿದ ಹೆಂಗಸರನ್ನು ನಾನು ಬಲ್ಲೆ. ಬರೀ ಪ್ರೀತಿ ಆಗಿದ್ದರೆ ಅವರು ಖಾಲಿ ಕೈಯಲ್ಲೂ ಹೋಗುತ್ತಿದ್ದರು.

ನಿವೃತ್ತ ಮಾಸ್ತರ:

ತಂಗಿ ಹೇಳಿದ್ದು ಖರೆ. ನನ್ನ ತಾಯಿಯೂ ಆಯೇರಿಯನ್ನು ಹಾಗೇ ಲೆಕ್ಕ ಇಡುತ್ತಿದ್ದಳು, ಓದಲು ಬಾರದಿದ್ದರೂ ಬಾಯಿಪಾಠ. "ಆಯೇರಿ ತೀರಿಸಬೇಕು" ಅನ್ನುತ್ತಿದ್ದಳು. ಅವಳಿಗೆ ಅದು ಸಾಲವೇ ಆಗಿತ್ತು, ಪ್ರೀತಿಯೇನು ಕಡಿಮೆ ಇರಲಿಲ್ಲ.

ಸುರಪುರ ಹುಡುಗ:

ನಮ್ಮ ವಯಸ್ಸಿನವರದು ಸ್ವಲ್ಪ ಬರೆಯಲಾ? ಫೋನ್‌ಪೇ, ಗೂಗಲ್ ಪೇ ಬಂದ ಮೇಲೆ "ಹಾಕು", "ಬಂತಾ?", "ಕಟ್ ಆಯ್ತು" ಇಷ್ಟೇ ಮಾತು. ಕಟ್ ಆಯ್ತು ಅಂದ್ರೆ ನನ್ನ ಖಾತೆಯಿಂದ ಹೋಯಿತು, ಅವರಿಗೆ ಮುಟ್ಟಿದೆಯೋ ಇಲ್ಲವೋ ಗೊತ್ತಿಲ್ಲ. ರೊಕ್ಕ ಬಂತು ಅಂತ ಅಂಗಡಿಯ ಸ್ಪೀಕರ್ ಡಬ್ಬಿ ಕೂಗಿದ ಮೇಲೇ ಮುಟ್ಟಿದ ಲೆಕ್ಕ. ಆಮೇಲೆ ಇನ್ನೊಂದು ಪ್ರಶ್ನೆ. ಹರಿದ ನೋಟು ಯಾರೂ ತಗೊಳ್ಳಲ್ಲ. ಅಂಚು ಹರಿದ 500 ಒಂದು ನನ್ನ ಹತ್ತಿರ ಇದೆ, ಏನು ಮಾಡಲಿ?

ಕೌಂಟರ್ ನಂಬರ್ ಎರಡು:

ಯಾವುದೇ ಬ್ಯಾಂಕ್ ಶಾಖೆಗೆ ಹೋಗಿ ಬದಲಿಸಿಕೋ ತಮ್ಮಾ. ಅಲ್ಲಿ ನಿನ್ನ ಖಾತೆ ಇರಬೇಕು ಅಂತಿಲ್ಲ. ಬರೀ ಅಂಚು ಹರಿದಿದ್ದರೆ ಪೂರ್ತಿ ರೊಕ್ಕ ಸಿಗುತ್ತದೆ. ತುಂಡೇ ಹೋಗಿದ್ದರೆ ಉಳಿದ ಭಾಗ ಎಷ್ಟು ಅಂತ ಅಳೆದು, ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಪೂರ್ತಿ ಅಥವಾ ಅರ್ಧ ಕೊಡುತ್ತಾರೆ. ಬಹಳ ಸಣ್ಣ ಚೂರಾದರೆ ಏನೂ ಸಿಗುವುದಿಲ್ಲ. ಕಡಿಮೆ ಬೆಲೆಗೆ ಹರಕು ನೋಟು ತಗೊಳ್ಳುವವರಿಗೆ ಕೊಟ್ಟು ನಷ್ಟ ಮಾಡಿಕೊಳ್ಳಬೇಡ.

ಎಲ್ಲರಿಗೂ ತುಂಬಾ ಧನ್ಯವಾದ. ಹಾಳೆ ತಯಾರಾಗುತ್ತಿದೆ. ಆಳಂದದ ಅಕ್ಕ ಹೇಳಿದ ಹಾಗೆ "ಬಿದ್ದಾವೇನ್ರಿ" ಮೊದಲಿಗೇ ಬರುತ್ತದೆ, ಪಾವತಿ ಆಮೇಲೆ. ಯಾದಗಿರಿ ಕಡೆಯವರು ಲಾಗೋಡಿ ಅನ್ನುತ್ತಾರಲ್ಲ, ಅದನ್ನು ಯಾರಾದರೂ ಬಿಡಿಸಿ ಬರೆಯುತ್ತೀರಾ? ಬೆಳೆಸಾಲದ ಅರ್ಜಿ ತುಂಬುವಾಗ ಬೇಕಾಗುತ್ತದೆ.

ಶಹಾಪುರ ರೈತ:

ಲಾಗೋಡಿ ಅಂದರೆ ಬೆಳೆಗೆ ಹಾಕಿದ ಖರ್ಚು. ಬೀಜ, ಗೊಬ್ಬರ, ಎಣ್ಣೆ, ಕೂಲಿ, ಟ್ರ್ಯಾಕ್ಟರ್ ಬಾಡಿಗೆ, ರಾಶಿ ಮಿಷಿನ್ನು ಎಲ್ಲಾ ಅದರಲ್ಲಿ ಬರುತ್ತದೆ. ಎಣ್ಣೆ ಅಂದರೆ ಕೀಟನಾಶಕ, ಅಡುಗೆ ಎಣ್ಣೆ ಅಲ್ಲ, ಇದನ್ನೂ ಬರೆದುಕೊಳ್ಳಿ. ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡಿದ್ದರೆ ಆ ರೊಕ್ಕವನ್ನೂ ಹಿಡಿಯುತ್ತೇವೆ. ನಮ್ಮ ಮನೆಯವರು ದುಡಿದದ್ದನ್ನು ಮಾತ್ರ ಯಾರೂ ಲಾಗೋಡಿಯಲ್ಲಿ ಹಿಡಿಯುವುದಿಲ್ಲ. "ಲಾಗೋಡಿ ಬರಲಿಲ್ಲ" ಅಂತ ಒಬ್ಬ ರೈತ ಕೌಂಟರ್ ಮುಂದೆ ಅಂದರೆ, ಹಾಕಿದ ರೊಕ್ಕವೂ ವಾಪಸ್ ಬಂದಿಲ್ಲ ಅಂತ ತಿಳಿದುಕೊಳ್ಳಿ. ಅವನು ಆಗ ಕೇಳುವುದು ಹಳೆಯ ಸಾಲಕ್ಕೆ ಮುದ್ದತು, ಹೊಸ ಸಾಲ ಅಲ್ಲ. ಮುದ್ದತು ಅಂದರೆ ಇನ್ನಷ್ಟು ದಿನದ ಗಡುವು. ಅವನಿಗೆ ಹೊಸ ಸಾಲದ ಫಾರ್ಮ್ ಕೊಟ್ಟು ಕಳಿಸಬೇಡಿ, ಮ್ಯಾನೇಜರ್ ಹತ್ತಿರ ಕೂರಿಸಿ ಮಾತಾಡಿಸಿ.